ಮೂವತ್ತಾರರ ಎಡಸೊಂಟ

"ಚುಚ್ಚಿತು" ಎಂಬ ಮಾತನ್ನು ಎಲ್ಲಿ ಬೇಕಾದರೂ ಆಡಬಹುದು, ಬಟ್ಟೆ ಹೊಲಿಯುವ ಕಾರ್ಖಾನೆಯೊಳಗೆ ಮಾತ್ರ ಆಡಬಾರದು. ಇದು ಮೂವತ್ತಾರನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಆ ಬೆಳಿಗ್ಗೆ ಕಟಿಂಗ್ ಮಾಸ್ಟರು ಹೊಸ ಸ್ಯಾಂಪಲ್ ಪ್ಯಾಂಟನ್ನು ಅವನಿಗೆ ತೊಡಿಸಿ, ಗುಂಡಿ ಹಾಕಿ, ಸೊಂಟದ ಪಟ್ಟಿಯನ್ನು ಎಡಗಡೆ ಎರಡು ಬೆರಳಲ್ಲಿ ಹಿಡಿದು ಜಗ್ಗಿದಾಗ ಆ ಮಾತು ತಾನಾಗಿಯೇ ಹೊರಬಿತ್ತು.

"ಅಯ್ಯೋ, ಚುಚ್ಚಿತು."

ಮೂವತ್ತಾರು ಎಂದರೆ ಅವನ ಸೊಂಟದ ಸುತ್ತಳತೆ. ಕೆಲಸಕ್ಕೆ ಸೇರಿದ ದಿನ ಎಷ್ಟು ಇಂಚಿತ್ತೋ ಐವತ್ತು ದಾಟಿದ ಮೇಲೂ ಅಷ್ಟೇ ಇತ್ತು. ಕಾರ್ಖಾನೆಯ ಪ್ರತಿ ಹೊಸ ಪ್ಯಾಂಟನ್ನೂ ಮೊದಲು ಅವನಿಗೆ ತೊಡಿಸಿ, ಹಿಂದೆ ಮುಂದೆ ನೋಡಿ, ಪಿನ್ನು ಹಾಕಿ, ಚಾಕಿನಲ್ಲಿ ಗೆರೆ ಎಳೆದು, ಎಲ್ಲ ಸರಿಹೋದ ಮೇಲೆ ಸಾವಿರಗಟ್ಟಲೆ ಹೊಲಿಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರನ್ನು ಜನ ಎಂದೋ ಮರೆತಿದ್ದರು. ಅವನ ಹೆಂಡತಿ ಕೂಡ ಫೋನು ಮಾಡಿದರೆ "ಮೂವತ್ತಾರು ಇದಾರಾ?" ಎಂದೇ ಕೇಳುತ್ತಿದ್ದಳು. ನಿಜವಾದ ಹೆಸರು ಹೇಳಿದರೆ ಆಫೀಸಿನವರು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು.

ಈ ಉದ್ಯೋಗದ ಕಷ್ಟ ನೋಡುವವರಿಗೆ ತಿಳಿಯುವುದಿಲ್ಲ. ನಿಲ್ಲುವುದೇ ಕೆಲಸ. ಕೂತರೆ ಬಟ್ಟೆಗೆ ಸುಕ್ಕು ಬೀಳುತ್ತದೆ, ಒರಗಿದರೆ ಗೆರೆ ಕೆಡುತ್ತದೆ, ಊಟದಲ್ಲಿ ಎರಡನೇ ಸಲ ಬಡಿಸಿಕೊಂಡರೆ ಸೊಂಟ ಮೂವತ್ತೇಳಾಗಿ ನೌಕರಿಯೇ ಹೋಗುತ್ತದೆ. ಅವನ ಜೊತೆಗೆ ಸೇರಿದವರೆಲ್ಲ ಹೊಟ್ಟೆ ಬೆಳೆಸಿಕೊಂಡು, ಒಬ್ಬೊಬ್ಬರಾಗಿ ಕುರ್ಚಿ ಹಿಡಿದು, ಗೌರವಸ್ಥರಾಗಿಬಿಟ್ಟಿದ್ದರು. ಅವನೊಬ್ಬ ನಿಂತೇ ಇದ್ದ.

ಹಾಗಾಗಿ ಅವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ. ಅದು ಪ್ಯಾಟರ್ನ್ ರೂಮಿನ ಕುರ್ಚಿ. ಪ್ಯಾಂಟಿನ ರಟ್ಟಿನ ನಮೂನೆಗಳನ್ನು ಜೋಡಿಸಿಡುವ ಆ ರೂಮಿನ ಹಿರಿಯರು ಕಳೆದ ವಾರವಷ್ಟೇ ನಿವೃತ್ತರಾಗಿದ್ದರು. ಕುರ್ಚಿಗೆ ಎರಡು ಕೈಗಳಿದ್ದವು, ಒರಗಲು ಬೆನ್ನಿತ್ತು, ಬೇಕಾದ ಕಡೆಗೆ ತಿರುಗುತ್ತಿತ್ತು. ಊಟದ ಹೊತ್ತಿನಲ್ಲಿ ಮೂವತ್ತಾರು ಆ ರೂಮಿನ ಬಾಗಿಲಲ್ಲಿ ನಿಂತು ಅದನ್ನು ನೋಡಿ ಬರುತ್ತಿದ್ದ. ಅದನ್ನು ಕಂಡ ಓನರ್ರೇ ಒಂದು ದಿನ ಬೆನ್ನು ತಟ್ಟಿ ಹೇಳಿದ್ದರು: "ದೊಡ್ಡ ಬಯರ್ ಬರ್ತಾ ಇದಾರೆ. ಸ್ಯಾಂಪಲ್ ಪಾಸಾಗಲಿ, ಮಾರನೇ ದಿನದಿಂದ ಆ ಕುರ್ಚಿ ನಿಂದು."

ಸಾವಿರಗಟ್ಟಲೆ ಪ್ಯಾಂಟು ಕೊಳ್ಳುವ ಆ ಬಯರ್ ಬರುವ ದಿನವೇ ಇದು.

ಎರಡು ದಿನದಿಂದ ಅವನ ಎಡಸೊಂಟ ಉರಿಯುತ್ತಿತ್ತು. ಹೊರಗೆ ಏನೂ ಕಾಣುತ್ತಿರಲಿಲ್ಲ, ಒಳಗೆ ಮಾತ್ರ ಯಾರೋ ಕೆಂಡ ಹಿಡಿದು ಅತ್ತಿಂದಿತ್ತ ಓಡಾಡಿದಂತೆ ಇರುತ್ತಿತ್ತು. ಅಂಗಿಯ ಅಂಚು ಸೋಕಿದರೂ ಜೀವ ಬಾಯಿಗೆ ಬರುತ್ತಿತ್ತು. ಮೊದಲ ದಿನ ಬಸ್ಸಿನ ಸೀಟನ್ನು ಬೈದ. ಎರಡನೇ ದಿನ ಮನೆಯ ಹಾಸಿಗೆಯನ್ನು ಬೈದು ನೆಲದ ಮೇಲೆ ಮಲಗಿದ. ಹೆಂಡತಿ "ಡಾಕ್ಟರಿಗೆ ತೋರಿಸಿ" ಎಂದರೆ "ಬಯರ್ ಬಂದು ಹೋಗಲಿ" ಎಂದ. ಹುಷಾರಿಲ್ಲವೆಂದು ಗೊತ್ತಾದರೆ ಬೇರೆ ಯಾರನ್ನೋ ನಿಲ್ಲಿಸುತ್ತಾರೆ, ಕುರ್ಚಿಯೂ ಅವರ ಪಾಲಾಗುತ್ತದೆ ಎಂಬ ಭಯ ಅವನಿಗೆ ಸೊಂಟದ ನೋವಿಗಿಂತ ಹೆಚ್ಚಾಗಿತ್ತು.

ಈಗ ಬಾಯಿ ಕೈಕೊಟ್ಟಿತ್ತು.

ಬಟ್ಟೆ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಅದರ ಪ್ರತಿ ತುಂಡೂ ಸಿಗಬೇಕು. ಸಿಗುವವರೆಗೆ ಮಿಷನ್ನು ತಿರುಗುವಂತಿಲ್ಲ, ಒಂದು ಪ್ಯಾಂಟೂ ಹೊರಗೆ ಹೋಗುವಂತಿಲ್ಲ. ಕೊಂಡವರ ಮೈಗೆ ಚುಚ್ಚಿದರೆ ಕಾರ್ಖಾನೆಯ ಮಾನ ಹೋದಂತೆಯೇ. ಈ ನಿಯಮವನ್ನು ಕಾಯುತ್ತಿದ್ದವಳು ಲೈನಿನ ಸೂಪರ್‌ವೈಸರು. ಅವಳನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ನಲವತ್ತು ಮಿಷನ್ನುಗಳ ಗದ್ದಲದಲ್ಲೂ "ಚುಚ್ಚಿತು" ಎಂಬುದು ಅವಳ ಕಿವಿಗೆ ಬಿತ್ತು.

"ಯಾರಿಗೆ ಚುಚ್ಚಿದ್ದು?"

"ಯಾರಿಗೂ ಇಲ್ಲ ಅಕ್ಕ. ಬಾಯಿ ತಪ್ಪಿ ಬಂತು," ಎಂದ ಮೂವತ್ತಾರು.

"ಅದು ಬಾಯಿ ತಪ್ಪಿ ಬರೋ ಮಾತಲ್ಲ. ಎಲ್ಲಿ ಚುಚ್ಚಿತು?"

"ಎಡಗಡೆ," ಎಂದು ಮಾಸ್ಟರು ಉತ್ತರಿಸಿದರು. ಕೇಳದೆ ಉತ್ತರ ಕೊಡುವುದು ಅವರ ಹುಟ್ಟುಗುಣ.

ಸೂಜಿಯಕ್ಕ ಗಂಟೆ ಬಾರಿಸಿದಳು. ನಲವತ್ತು ಮಿಷನ್ನುಗಳೂ ಒಮ್ಮೆಲೇ ನಿಂತವು. ಪ್ಯಾಂಟು ಬಿಚ್ಚಿಸಿ, ಮೂವತ್ತಾರನ ಸೊಂಟಕ್ಕೊಂದು ಬಟ್ಟೆ ಸುತ್ತಿಸಿ, ಲೋಹ ಪತ್ತೆ ಮಾಡುವ ಕೋಲನ್ನು ಜಿಪ್ಪು, ಪಿನ್ನು ಬಿಟ್ಟು ಪ್ಯಾಂಟಿನ ಮೇಲೆಲ್ಲ ಆಡಿಸಿದಳು. ಕೋಲು ತೆಪ್ಪಗಿತ್ತು. ಸೂಜಿ ಪ್ಯಾಂಟಲ್ಲಿ ಇಲ್ಲ ಎಂದ ಮೇಲೆ ಇನ್ನೆಲ್ಲಿ ಎಂದು ಯೋಚಿಸಿ, ಕೋಲನ್ನು ಮೂವತ್ತಾರನ ಸೊಂಟದ ಹತ್ತಿರ ತಂದಳು. ಅದು ಕುಂಯ್ ಎಂದು ಕಿರುಚಿತು.

ಮೂವತ್ತಾರನ ಮುಖ ಹುಳ್ಳಗಾಯಿತು. ಕೋಲು ಯಾಕೆ ಕಿರುಚಿತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಒಳಚಡ್ಡಿಯ ಇಲಾಸ್ಟಿಕ್ಕು ಹೋಗಿ ಎಷ್ಟೋ ತಿಂಗಳಾಗಿತ್ತು. "ಎಸೀರಿ ಅದನ್ನ" ಎಂದು ಹೆಂಡತಿ ಹೇಳಿದಾಗಲೆಲ್ಲ ಹೂಂ ಎಂದು, ಒಂದು ಸೇಫ್ಟಿ ಪಿನ್ನು ಹಾಕಿ ದಿನ ದೂಡುತ್ತಿದ್ದ. ಈಗ ನಲವತ್ತು ಹೆಂಗಸರ ಎದುರು ಒಳಚಡ್ಡಿಯ ಕತೆ ಬಿಚ್ಚುವುದೋ, ಬಾಯಿ ಮುಚ್ಚಿಕೊಂಡು ಬಂದದ್ದನ್ನು ಅನುಭವಿಸುವುದೋ ಎಂಬ ಪ್ರಶ್ನೆ ಬಂದಾಗ ಅವನು ಬಾಯಿ ಮುಚ್ಚಿಕೊಂಡ. ಅದೇ ಅವನು ಮಾಡಿದ ದೊಡ್ಡ ತಪ್ಪು.

"ಸೂಜಿ ಒಳಗೇ ಹೋಗಿದೆ," ಎಂದರು ಮಾಸ್ಟರು.

ಗುಂಡಿಯ ಕಾಜ ಹೊಲಿಯುವ, ಎಲ್ಲರೂ ಚಿಕ್ಕಮ್ಮ ಎಂದು ಕರೆಯುವ ಹೆಂಗಸು ಎದ್ದು ಬಂದರು. ಕಾರ್ಖಾನೆಯಲ್ಲಿ ಯಾರಿಗೆ ಏನಾದರೂ ಅದರ ದೊಡ್ಡಣ್ಣನಂಥದ್ದು ಅವರ ಬಳಗದಲ್ಲಿ ಯಾರಿಗಾದರೂ ಆಗಿಯೇ ಇರುತ್ತಿತ್ತು.

"ಒಳಗೆ ಹೋದ ಸೂಜಿ ಸುಮ್ಮನೆ ಕೂರಲ್ಲಪ್ಪಾ. ನಮ್ಮ ಭಾವನ ಸ್ನೇಹಿತರೊಬ್ಬರಿಗೆ ಕಾಲಲ್ಲಿ ಹೋಗಿದ್ದು ಭುಜದಲ್ಲಿ ಬಂತು."

"ಮಧ್ಯದಲ್ಲಿ ಎದೆ ಇತ್ತಲ್ಲ ಚಿಕ್ಕಮ್ಮ?" ಎಂದು ಮೂವತ್ತಾರು ಕೇಳಿದ. ತನ್ನೊಳಗೆ ಸೂಜಿ ಇಲ್ಲವೆಂದು ಗೊತ್ತಿದ್ದರೂ ಅವನಿಗೆ ಹೆದರಿಕೆಯಾಗತೊಡಗಿತ್ತು.

"ಅದನ್ನೇ ನಾವೂ ಕೇಳಿದ್ವಿ. ಅವರ ಅದೃಷ್ಟ, ಪಕ್ಕದಿಂದ ಹೋಗಿತ್ತು."

ಸುದ್ದಿ ಕೇಳಿ ಓನರ್ರು ಓಡಿಬಂದರು. ನೆಲದ ಮೇಲೆ ಬಿದ್ದ ಪಿನ್ನುಗಳನ್ನು ಎತ್ತಲು ಕೋಲಿಗೆ ಕಟ್ಟಿದ ದೊಡ್ಡ ಅಯಸ್ಕಾಂತವೊಂದಿತ್ತು. ಮಾಸ್ಟರು ಅದನ್ನು ತಂದು ಮೂವತ್ತಾರನ ಸೊಂಟದ ಎದುರು ಹಿಡಿದು, ಮೊಂಡು ಕರುವನ್ನು ಕರೆಯುವವರ ಹಾಗೆ ಬಾ ಬಾ ಎಂದು ಕಾದರು. ಏನೂ ಬರಲಿಲ್ಲ. ಸೇಫ್ಟಿ ಪಿನ್ನು ಒಳಗಿಂದ ಜಗ್ಗಿದ್ದು ಮೂವತ್ತಾರನಿಗೊಬ್ಬನಿಗೇ ತಿಳಿಯಿತು. ಅವನು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡ.

"ನೋಡಿ, ಎಳೀತಿದೆ," ಎಂದರು ಚಿಕ್ಕಮ್ಮ.

ಮಾಸ್ಟರು ಪ್ಯಾಂಟನ್ನು ಮತ್ತೆ ತೊಡಿಸಿ, ನೋವು ಎಲ್ಲೆಲ್ಲಿದೆ ಎಂದು ಬೆರಳಲ್ಲಿ ಒತ್ತಿ ಒತ್ತಿ ಕೇಳಿದರು. ಅವನು "ಹಾ" ಎಂದಲ್ಲೆಲ್ಲ ಬಿಳಿ ಚಾಕಿನಲ್ಲಿ ಗುರುತು ಹಾಕಿದರು. ಗುರುತು ಹಿಂದಿನ ನಡುಹೊಲಿಗೆಯಿಂದ ಹೊರಟು, ಎಡಗಡೆಯಿಂದ ಸುತ್ತಿ, ಮುಂದಿನ ಜಿಪ್ಪಿನ ಹತ್ತಿರ ಬಂದು ನಿಂತಿತು. ಬಲಗಡೆ ಎಷ್ಟು ಒತ್ತಿದರೂ ಏನೂ ಇಲ್ಲ.

"ಸರಿಯಾಗಿ ಅರ್ಧ ಸೊಂಟ," ಎಂದರು ಮಾಸ್ಟರು. "ಇನ್ನರ್ಧ ಸುತ್ತಿಬಿಟ್ರೆ ಮುಗೀತು ಕಣಯ್ಯಾ."

ಏನು ಮುಗಿಯುತ್ತದೆಂದು ಅವರು ಹೇಳಲಿಲ್ಲ. ಓನರ್ರು ಕೈಗಡಿಯಾರ ನೋಡಿಕೊಂಡು, "ಬಯರ್ ಮಧ್ಯಾಹ್ನ ಬರ್ತಾರೆ. ಅಷ್ಟರೊಳಗೆ ಈ ಮನುಷ್ಯನೊಳಗಿಂದ ಸೂಜಿ ತೆಗೆಸ್ಕೊಂಡು ಬನ್ನಿ" ಎಂದರು.

ಡಾಕ್ಟರ ಶಾಪು ಅದೇ ಬೀದಿಯ ಕೊನೆಯಲ್ಲಿತ್ತು. ಸ್ಯಾಂಪಲನ್ನು ಕಣ್ಣಿಂದ ದೂರ ಬಿಡಲೊಪ್ಪದ ಸೂಜಿಯಕ್ಕ ಜೊತೆಗೆ ಹೊರಟಳು. ಸೊಂಟದ ತುಂಬ ಚಾಕಿನ ಗೆರೆ, ಹಿಂದೆ ನೇತಾಡುವ ನಂಬರಿನ ಚೀಟಿ, ಕಾಲಿನಲ್ಲಿ ಮಡಿಚಿ ಪಿನ್ನು ಹಾಕಿದ ಅಂಚು. ಈ ವೇಷದಲ್ಲಿ ಮೂವತ್ತಾರು ನಡೆದುಹೋಗುವಾಗ ಸೈಕಲ್ ಅಂಗಡಿಯವನು, "ಎಷ್ಟಕ್ಕೆ ಕೊಡ್ತೀರಿ ಅದನ್ನ?" ಎಂದು ಕೇಳಿದ.

"ಪ್ಯಾಂಟನ್ನೋ, ಇವರನ್ನೋ?" ಎಂದಳು ಸೂಜಿಯಕ್ಕ.

ಡಾಕ್ಟರು ವಯಸ್ಸಾದ ಹೆಂಗಸು. ಪರದೆಯ ಹಿಂದೆ ಮೂವತ್ತಾರನನ್ನು ಮಲಗಿಸಿ ಪ್ಯಾಂಟು ಕೆಳಗೆ ಸರಿಸಿ ನೋಡಿದರು. ಬೆಳಿಗ್ಗೆ ಸ್ನಾನ ಮಾಡುವಾಗ ಏನೂ ಇಲ್ಲದಿದ್ದ ಜಾಗದಲ್ಲಿ ಈಗ ಕೆಂಪು ಪಟ್ಟಿ ಎದ್ದಿತ್ತು. ಅದರ ಮೇಲೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳು ಗುಂಪು ಗುಂಪಾಗಿ ಕೂತಿದ್ದವು.

"ಸೂಜಿ ಸಿಕ್ತಾ ಡಾಕ್ಟ್ರೇ?" ಎಂದು ಪರದೆಯ ಹೊರಗಿನಿಂದ ಸೂಜಿಯಕ್ಕ ಕೇಳಿದಳು.

"ಸೂಜಿ ಇಲ್ಲಮ್ಮ. ಒಂದು ಸೇಫ್ಟಿ ಪಿನ್ನಿದೆ. ಇದು ಯಾಕ್ರೀ ಇಲ್ಲಿದೆ?"

"ಮೆಲ್ಲಗೆ ಹೇಳಿ ಡಾಕ್ಟ್ರೇ," ಎಂದ ಮೂವತ್ತಾರು.

ಪರದೆಯ ಸಂದಿಯಿಂದ ಸೂಜಿಯಕ್ಕನ ಕೈ ಒಳಗೆ ಬಂತು. "ಕೊಡಿ," ಎಂದಿತು ಕೈ. ಪಿನ್ನು ಇಸಿದುಕೊಂಡು ಅದೇ ಸಂದಿಯಲ್ಲಿ ಮಾಯವಾಯಿತು. ಅವಳು ನಗು ತಡೆದುಕೊಳ್ಳುತ್ತಿದ್ದಾಳೆಂದು ಮೂವತ್ತಾರನಿಗೆ ಪರದೆ ಅಲುಗಿದ್ದರಿಂದಲೇ ಗೊತ್ತಾಯಿತು.

"ಇದು ಸರ್ಪಸುತ್ತು," ಎಂದರು ಡಾಕ್ಟರು.

ಅಷ್ಟರಲ್ಲಿ ಯಾರೋ ಫೋನು ಮಾಡಿ ತಿಳಿಸಿದ್ದರಿಂದ ಅವನ ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು. ಸೂಜಿ ಎದೆಯವರೆಗೆ ಬಂದಿದೆ ಎಂದು ಅವಳಿಗೆ ಹೇಳಲಾಗಿತ್ತು. ಸರ್ಪಸುತ್ತೆಂದು ಕೇಳಿ ಅವಳು ಪರದೆ ಸರಿಸಿ ಒಳಗೆ ನುಗ್ಗಿದಳು.

"ಡಾಕ್ಟ್ರೇ, ತಲೆ ಬಾಲ ಕೂಡಿಬಿಟ್ರೆ ಉಳಿಯಲ್ಲ ಅಂತಾರಲ್ಲ."

"ತಲೆನೂ ಇಲ್ಲ ಬಾಲನೂ ಇಲ್ಲ ತಾಯಿ. ಇವರಿಗೆ ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದಿತ್ತಾ? ಮೈಮೇಲೆಲ್ಲ ನೀರುಗುಳ್ಳೆ ಏಳುತ್ತಲ್ಲ, ಸೀತಾಳೆ ಸಿಡುಬು ಅಂತಾರೆ, ಅದು?"

"ಬಂದಿತ್ತು. ಎರಡನೇ ಕ್ಲಾಸಲ್ಲಿ," ಎಂದ ಮೂವತ್ತಾರು. "ಪರೀಕ್ಷೆ ತಪ್ಪಿತ್ತು. ಅದಕ್ಕೇ ನೆನಪಿದೆ."

"ಆ ವೈರಸ್ಸು ಅವತ್ತು ಹೊರಗೆ ಹೋಗಲಿಲ್ಲ. ನರದ ಬುಡದಲ್ಲಿ ಮಲಗಿತ್ತು. ವಯಸ್ಸಾದಾಗ, ಮೈಯಲ್ಲಿ ಶಕ್ತಿ ಕಡಿಮೆಯಾದಾಗ ಎದ್ದುಬರುತ್ತೆ. ಒಂದೇ ನರ ಹಿಡಿದು ಹೊರಡುತ್ತೆ. ಆ ನರ ಬೆನ್ನಿನ ನಡುವಿಂದ ಹೊಟ್ಟೆಯ ನಡುವಿನವರೆಗೆ, ಅಷ್ಟಕ್ಕೇ. ಆಚೆ ಮಗ್ಗುಲಿಗೆ ಬೇರೆ ನರ."

ಮೂವತ್ತಾರನ ಮುಖ ಅರಳಿತು. ಇದು ಅವನಿಗೆ ಅರ್ಥವಾಗುವ ಭಾಷೆ. "ಅಂದ್ರೆ ಎಡಗಡೆ ತುಂಡು ಬೇರೆ, ಬಲಗಡೆ ತುಂಡು ಬೇರೆ. ಹಿಂದಿನ ಹೊಲಿಗೆಯಿಂದ ಜಿಪ್ಪಿನವರೆಗೆ. ಹೊಲಿಗೆ ದಾಟಲ್ಲ."

"ದಾಟಲ್ಲ," ಎಂದರು ಡಾಕ್ಟರು. ಪ್ಯಾಂಟಿನ ಮೇಲಿದ್ದ ಚಾಕಿನ ಗೆರೆಯನ್ನೂ ಮೈಮೇಲಿನ ಕೆಂಪು ಪಟ್ಟಿಯನ್ನೂ ಹೋಲಿಸಿ ನೋಡಿ, "ಯಾರು ಗೆರೆ ಹಾಕಿದ್ದು? ನಾನೇ ಹಾಕಿದ್ರೂ ಇಷ್ಟು ಸರಿಯಾಗಿ ಬರ್ತಿರಲಿಲ್ಲ" ಎಂದರು.

ಆಮೇಲೆ ಅವರು ಹೇಳಿದ್ದನ್ನು ಹೆಂಡತಿ ಬೆರಳು ಮಡಿಚುತ್ತ ಕೇಳಿಸಿಕೊಂಡಳು. ಗುಳ್ಳೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುಮಾಡಿದರೆ ಬೇಗ ತಗ್ಗುತ್ತದೆ, ಇವರು ಮೊದಲ ದಿನವೇ ಬಂದದ್ದು ಒಳ್ಳೆಯದಾಯಿತು. ಮಾತ್ರೆ ದಿನಕ್ಕೆ ಐದು ಸಲ, ಒಂದು ವಾರ, ಒಂದು ಹೊತ್ತೂ ತಪ್ಪಬಾರದು. ಗುಳ್ಳೆ ಒಡೆಯಬಾರದು, ಕೆರೆಯಬಾರದು. ಎಣ್ಣೆ, ಪೌಡರು, ಟೂತ್‌ಪೇಸ್ಟು, ಪಕ್ಕದ ಮನೆಯವರು ಹೇಳಿದ್ದು ಯಾವುದನ್ನೂ ಬಳಿಯಬಾರದು. ಒಂದು ವೇಳೆ ಕಣ್ಣಿನ ಸುತ್ತ ಗುಳ್ಳೆ ಎದ್ದರೆ ಆ ಕ್ಷಣವೇ ಬರಬೇಕು.

"ಅಂಟುತ್ತಾ?" ಎಂದು ಪರದೆಯ ಆಚೆಯಿಂದ ಸೂಜಿಯಕ್ಕ ಕೇಳಿದಳು.

"ಸರ್ಪಸುತ್ತು ಒಬ್ಬರಿಂದ ಒಬ್ಬರಿಗೆ ಅಂಟಲ್ಲ. ಆದ್ರೆ ಚಿಕನ್‌ಪಾಕ್ಸ್ ಬರದೇ ಇದ್ದವರು ಈ ಗುಳ್ಳೆಯ ನೀರು ಮುಟ್ಟಿದ್ರೆ ಅವರಿಗೆ ಚಿಕನ್‌ಪಾಕ್ಸ್ ಬರಬಹುದು. ಅದಕ್ಕೇ ಮುಚ್ಚಿರಬೇಕು, ಕೈ ತೊಳೀಬೇಕು. ಗರ್ಭಿಣಿಯರು, ಎಳೆ ಮಕ್ಕಳಿಂದ ದೂರ ಇರಿ, ಗುಳ್ಳೆ ಒಣಗಿ ಹಕ್ಕಳೆ ಆಗೋವರೆಗೂ."

ಸೂಜಿಯಕ್ಕ ಅಲ್ಲಿಂದಲೇ ಗುಂಡಿ ಹಾಕುವ ತುಂಬುಗರ್ಭಿಣಿ ಹುಡುಗಿಗೆ ಫೋನು ಮಾಡಿದಳು. "ನಿಂಗೆ ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದಿತ್ತೇನಮ್ಮಾ? ಬಂದಿತ್ತಾ? ಸರಿ. ಆದ್ರೂ ಇವತ್ತು ಬೇಗ ಮನೆಗೆ ಹೋಗು."

"ಇನ್ನೊಂದು ಮಾತು," ಎಂದರು ಡಾಕ್ಟರು, ಗುಳ್ಳೆಗಳ ಮೇಲೆ ಹತ್ತಿಬಟ್ಟೆಯ ಪಟ್ಟಿ ಹಾಕುತ್ತ. "ಸೊಂಟಕ್ಕೆ ಬಿಗಿಯಾದದ್ದು ಏನೂ ತಾಗಬಾರದು. ಬೆಲ್ಟು ಬೇಡ, ಇಂಥ ಪ್ಯಾಂಟಂತೂ ಬೇಡವೇ ಬೇಡ. ಸಡಿಲವಾಗಿ ಏನಾದ್ರೂ ಹಾಕ್ಕೊಂಡು ಮನೇಲಿ ಆರಾಮ ಮಾಡಿ."

ಮೂವತ್ತಾರನಿಗೆ ಆಕಾಶವೇ ತಲೆಮೇಲೆ ಬಿದ್ದಂತಾಯಿತು. ಕುರ್ಚಿ ಕಣ್ಣೆದುರೇ ಒಂದು ಸುತ್ತು ತಿರುಗಿ ಮರೆಯಾಯಿತು.

ಮೊದಲ ಮಾತ್ರೆ ನುಂಗಿ ಅವನು ಕಾರ್ಖಾನೆಗೆ ವಾಪಸು ಬಂದದ್ದು ತನ್ನ ಬಟ್ಟೆ ತೆಗೆದುಕೊಂಡು ಹೋಗುವುದಕ್ಕೆ. ಅವನ ಸ್ವಂತ ಪ್ಯಾಂಟೂ ಬಿಗಿಯದೇ. ಇದನ್ನು ಕಂಡು ಸೂಜಿಯಕ್ಕ ಅದನ್ನು ಕೈಯಿಂದ ಕಿತ್ತುಕೊಂಡಳು. ಬಾಯಿ ಎಷ್ಟು ಗಡುಸೋ ಕೈ ಅಷ್ಟೇ ಮೆತ್ತಗೆ ಅವಳದು. ಸೊಂಟಪಟ್ಟಿಯನ್ನು ಬಿಚ್ಚಿ ಎಸೆದು, ಎಡಗಡೆ ಹೊಲಿಗೆ ಸೀಳಿ, ಅಲ್ಲಿ ಜೇಬಿಗೆಂದು ಇಟ್ಟಿದ್ದ ಮೆತ್ತನೆಯ ಹತ್ತಿಬಟ್ಟೆಯ ಅಗಲವಾದ ತುಂಡು ಸೇರಿಸಿದಳು. ಜಾರಿ ಬೀಳದಂತೆ ಹೆಗಲ ಮೇಲಿಂದ ಎರಡು ಪಟ್ಟಿ ಕೊಟ್ಟಳು. ತೊಟ್ಟರೆ ಸೊಂಟದ ಸುತ್ತ ಒಂದು ಮುಷ್ಟಿ ಜಾಗ ಉಳಿಯುತ್ತಿತ್ತು. ಎಡಗಡೆ ಬಿಳಿ, ಬಲಗಡೆ ಕಂದು. ಕನ್ನಡಿಯಲ್ಲಿ ನೋಡಿದರೆ ಮೂವತ್ತಾರು ಎರಡು ಬೇರೆ ಬೇರೆ ಗಂಡಸರನ್ನು ನಡುವೆ ಹೊಲಿದಂತೆ ಕಾಣುತ್ತಿದ್ದ.

ಆದರೆ ಬಟ್ಟೆ ಎಲ್ಲೂ ಸೋಕುತ್ತಿರಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ಅವನು ಪೂರ್ತಿ ಉಸಿರು ಬಿಟ್ಟ. ಕಣ್ಣು ತುಂಬಿ ಬಂತು. "ನಿಮ್ಮ ಕೈ ತಣ್ಣಗಿರಲಿ ಅಕ್ಕ," ಎಂದ.

"ಪಿನ್ನಿನ ವಿಷಯ ಯಾರಿಗೂ ಹೇಳಿಲ್ಲ," ಎಂದಳು ಸೂಜಿಯಕ್ಕ. "ಸೂಜಿ ಸಿಕ್ಕಿತು ಅಂತ ಮಾತ್ರ ಹೇಳಿದ್ದೀನಿ. ಮಿಷನ್ನು ಶುರುಮಾಡ್ಬೇಕಲ್ಲ."

ಅವನು ಹೊರಡುವಷ್ಟರಲ್ಲಿ ಬಯರ್ ಬಂದೇಬಿಟ್ಟರು. ಬಾಗಿಲಲ್ಲಿ ಅವರು, ಒಳಗೆ ಈ ವೇಷದಲ್ಲಿ ಇವನು. ಓನರ್ರು ಗಾಬರಿಯಿಂದ ಅವನನ್ನು ಬಟ್ಟೆಯ ಥಾನುಗಳ ಹಿಂದೆ ತಳ್ಳಿದರು. "ಅವರು ಹೋಗೋವರೆಗೂ ಉಸಿರೆತ್ತಬೇಡ. ಕಾಯಿಲೆ ಅಂತ ಕೇಳಿದ್ರೆ ಆರ್ಡರ್ರೂ ಇಲ್ಲ, ಕುರ್ಚಿನೂ ಇಲ್ಲ."

"ಸ್ಯಾಂಪಲ್ ಯಾರು ಹಾಕ್ಕೋತಾರೆ ಸಾರ್?"

"ನಾನಿಲ್ವಾ," ಎಂದರು ಕಟಿಂಗ್ ಮಾಸ್ಟರು. "ನಿಲ್ಲೋದರಲ್ಲಿ ಏನಿದೆ ಮಹಾ ವಿದ್ಯೆ?"

ಸ್ಯಾಂಪಲ್ಲುಗಳನ್ನು ಯಾವಾಗಲೂ ಜೋಡಿಯಾಗಿ ಹೊಲಿಯುತ್ತಿದ್ದರು. ಮೂವತ್ತಾರು ತೊಟ್ಟಿದ್ದು ಆಗಲೇ ಬಿಸಿನೀರಿನ ಬಕೆಟ್ಟಿನಲ್ಲಿತ್ತು. ಇನ್ನೊಂದನ್ನು ಎತ್ತಿಕೊಂಡು ಮಾಸ್ಟರು ಒಳಕ್ಕೆ ಹೋದರು. ಅವರ ಸೊಂಟ ಎಷ್ಟು ಎಂಬುದನ್ನು ಅಳೆಯುವ ಧೈರ್ಯ ಕಾರ್ಖಾನೆಯಲ್ಲಿ ಯಾರಿಗೂ ಇರಲಿಲ್ಲ. ಒಳಗಿನಿಂದ ಮಿಷನ್ನಿಗೆ ಎಣ್ಣೆ ಇಲ್ಲದಾಗ ಬರುವಂಥ ಸದ್ದು ಬಂತು. ಹೊರಗೆ ಬಂದಾಗ ಮಾಸ್ಟರ ಮುಖ ಕೆಂಪಾಗಿತ್ತು, ಹೊಟ್ಟೆ ಎದೆಗೆ ಏರಿತ್ತು, ಮಾತು ಸಣ್ಣಗಾಗಿತ್ತು.

ಬಯರ್ ಐವತ್ತು ದಾಟಿದ ಹೆಂಗಸು. ಮಾತು ಕಡಿಮೆ, ನೋಟ ಹೆಚ್ಚು. ಕನ್ನಡಕ ಏರಿಸಿ ಮಾಸ್ಟರ ಸುತ್ತ ಒಂದು ಸುತ್ತು ಬಂದರು. "ಸ್ವಲ್ಪ ಬಗ್ಗಿ," ಎಂದರು.

ಮಾಸ್ಟರು ಓನರ್ರ ಮುಖ ನೋಡಿದರು. ಓನರ್ರು ಮೇಲಿನ ಫ್ಯಾನು ನೋಡಿದರು. ಬೇರೆ ದಾರಿ ಕಾಣದೆ ಮಾಸ್ಟರು ಬಗ್ಗಿದರು. ಟಪ್ಪೆಂದು ಸೊಂಟದ ಗುಂಡಿ ಹಾರಿ, ಬಯರ್ ಕೈಯಲ್ಲಿದ್ದ ಚಹಾದ ಲೋಟಕ್ಕೆ ಹೋಗಿ ಬಿತ್ತು. ಸೂಜಿಯಕ್ಕ ಅಭ್ಯಾಸಬಲದಿಂದ, "ಯಾರೂ ಅಲ್ಲಾಡಬೇಡಿ, ಗುಂಡಿ ಎಲ್ಲಿ?" ಎಂದಳು. ಬಯರ್ ಲೋಟದೊಳಗೆ ಬೆರಳು ತೋರಿಸಿದರು.

"ಸೊಂಟದ ಅಳತೆಯೇ ತಪ್ಪು," ಎಂದು ಲೋಟ ಕೆಳಗಿಟ್ಟರು. "ಈ ಪ್ಯಾಂಟು ನನಗೆ ಬೇಡ."

"ಮೇಡಂ, ಅಳತೆಯದ್ದಲ್ಲ, ಹೊಲಿಗೆಯದ್ದು ತಪ್ಪು," ಎಂದರು ಮಾಸ್ಟರು ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು. "ಸೂಪರ್‌ವೈಸರು ಸರಿಯಾಗಿ ನೋಡಿಲ್ಲ."

ಥಾನುಗಳ ಹಿಂದೆ ಮೂವತ್ತಾರನಿಗೆ ಇದು ಕೇಳಿಸಿತು. ಸುಮ್ಮನಿದ್ದರೆ ಆರ್ಡರು ಹೋದ ಪಾಪ ಮಾಸ್ಟರದೋ ಸೂಜಿಯಕ್ಕನದೋ ಆಗುತ್ತದೆ, ಕುರ್ಚಿಗೆ ಇವತ್ತಲ್ಲದಿದ್ದರೆ ಇನ್ನೊಂದು ದಿನ ದಾರಿ ಉಳಿಯುತ್ತದೆ. ಹೊರಗೆ ಬಂದರೆ ಓನರ್ರ ಮಾತು ಮೀರಿದಂತೆ, ಕುರ್ಚಿಯ ಆಸೆಗೆ ಅಲ್ಲಿಗೇ ಎಳ್ಳುನೀರು. ಸೊಂಟದ ಸುತ್ತ ಮುಷ್ಟಿಯಷ್ಟು ಜಾಗ ಬಿಟ್ಟುಕೊಟ್ಟ ಕೈಗಳು ನೆನಪಾದವು. ಥಾನು ಸರಿಸಿ ಹೊರಗೆ ಬಂದ.

"ಹೊಲಿಗೆದೂ ತಪ್ಪಿಲ್ಲ, ಪ್ಯಾಂಟಿಂದೂ ತಪ್ಪಿಲ್ಲ ಮೇಡಂ. ಅದರೊಳಗೆ ಹೋಗಿರೋ ಮನುಷ್ಯನದ್ದು ತಪ್ಪು. ಅದನ್ನ ಹಾಕ್ಕೋಬೇಕಾಗಿದ್ದವನು ನಾನು. ನನಗೆ ಸರ್ಪಸುತ್ತು. ಹೆದರಬೇಡಿ, ಹಾಗೆಲ್ಲ ಅಂಟಲ್ಲ, ಮುಚ್ಚಿದ್ದೀನಿ, ಮಾತ್ರೆನೂ ಶುರುಮಾಡಿದ್ದೀನಿ. ಹೊಲಿಗೆ ದಾಟಿ ಆಚೆ ಕಡೆಗೂ ಹೋಗಲ್ಲವಂತೆ."

ಓನರ್ರು ಕಣ್ಣು ಮುಚ್ಚಿಕೊಂಡರು. ಕಾಜದ ಚಿಕ್ಕಮ್ಮ ತಮ್ಮ ಬಳಗದಲ್ಲಿ ಸರ್ಪಸುತ್ತಾದವರನ್ನು ನೆನಪಿಸಿಕೊಳ್ಳತೊಡಗಿದರು. ಬಯರ್ ಕನ್ನಡಕ ಸರಿಮಾಡಿಕೊಂಡು ಮೂವತ್ತಾರನ ಹತ್ತಿರ ಬಂದು, ಅವನ ಸುತ್ತ ಒಂದು ಸುತ್ತು ತಿರುಗಿದರು. ಇನ್ನೊಂದು ಸುತ್ತು ತಿರುಗಿದರು.

"ನೋವು ಬಹಳ ಇದೆಯಾ?"

"ಬೆಳಿಗ್ಗೆ ಇದ್ದಷ್ಟಿಲ್ಲ ಮೇಡಂ. ಇದು ಎಲ್ಲೂ ಒತ್ತಲ್ಲ."

"ಕೂತರೆ?"

"ನಾನು ಕೂತು ನೋಡಿಲ್ಲ ಮೇಡಂ," ಎಂದ ಮೂವತ್ತಾರು ಪ್ರಾಮಾಣಿಕವಾಗಿ.

"ನಮ್ಮಣ್ಣನಿಗೆ ಹೋದ ವರ್ಷ ಇದೇ ಆಗಿತ್ತು," ಎಂದರು ಬಯರ್. "ಮೂರು ಬಟ್ಟೆ ಅಂಗಡಿ ಅವನದು. ಅಂಗಡಿ ತುಂಬ ಪ್ಯಾಂಟು, ಅವನಿಗೆ ತೊಡೋಕೆ ಒಂದೂ ಇಲ್ಲ. ಟವೆಲ್ ಸುತ್ಕೊಂಡು ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ." ಅವರು ಓನರ್ರ ಕಡೆ ತಿರುಗಿದರು. "ಇದನ್ನ ಯಾವಾಗ ಕೊಡ್ತೀರಿ?"

"ಯಾವುದನ್ನ ಮೇಡಂ?"

"ಇವರು ಹಾಕ್ಕೊಂಡಿರೋದನ್ನ. ಆಪರೇಷನ್ ಆದವರು, ಬೆನ್ನು ನೋವಿನವರು, ಇಡೀ ದಿನ ಕೂತು ಕೆಲಸ ಮಾಡೋರು, ಎಷ್ಟು ಜನ ಇದಾರೆ. ಬಣ್ಣ ಮಾತ್ರ ಎರಡೂ ಕಡೆ ಒಂದೇ ಇರಲಿ."

ಓನರ್ರ ಕಣ್ಣು ತೆರೆದವು. ಸೂಜಿಯಕ್ಕ ಆಗಲೇ ಕಂದು ಬಟ್ಟೆಯ ಥಾನುಗಳನ್ನು ಎಣಿಸತೊಡಗಿದ್ದಳು. ಬಂದ ಆರ್ಡರು ಎಷ್ಟು ದೊಡ್ಡದೆಂದರೆ, ಕೈಬಿಟ್ಟು ಹೋಗಲಿದ್ದದ್ದು ಅದರ ಪಕ್ಕದಲ್ಲಿ ಕರವಸ್ತ್ರದಷ್ಟಿತ್ತು. ಹೊಸ ಲೈನಿಗೆ ಸ್ವತಃ ಸೂಜಿಯಕ್ಕನೇ ಮುಖ್ಯಸ್ಥೆ ಎಂದು ಅಲ್ಲೇ ತೀರ್ಮಾನವಾಯಿತು. ಓನರ್ರು ಮೂವತ್ತಾರನನ್ನು ಅಪ್ಪಿಕೊಳ್ಳಲು ಬಂದು, ಸೊಂಟ ನೆನಪಾಗಿ ಕೈ ಕುಲುಕಿದರು. "ಮನೆಗೆ ಹೋಗಿ ಆರಾಮ ಮಾಡು. ಪೂರ್ತಿ ವಾಸಿಯಾದ ಮೇಲೇ ಬಾ. ಕುರ್ಚಿ ಎಲ್ಲಿಗೂ ಓಡಿಹೋಗಲ್ಲ."

ಮೂವತ್ತಾರು ಮನೆಯಲ್ಲಿ ಮಲಗಿ ಹೊತ್ತು ಹೊತ್ತಿಗೆ ಮಾತ್ರೆ ನುಂಗಿದ. ತೊಟ್ಟು ಹೋಗಿದ್ದ ಪ್ಯಾಂಟನ್ನು ಮಾರನೇ ದಿನವೇ ಸೂಜಿಯಕ್ಕ ಬಂದು, ನಮೂನೆ ತೆಗೆಯಬೇಕೆಂದು ಒಯ್ದಿದ್ದಳು. ಬದಲಿಗೆ ಅಂಥದೇ ಇನ್ನೊಂದು ಕೊಟ್ಟಿದ್ದಳು. ಗುಳ್ಳೆಗಳು ಬಾಡಿ, ಹಕ್ಕಳೆಯಾಗಿ, ಉದುರಿಹೋದವು. ಆಗೊಮ್ಮೆ ಈಗೊಮ್ಮೆ ಒಳಗೊಂದು ಕಿಡಿ ಹಾರುತ್ತಿತ್ತು. ಅದೂ ನಿಧಾನಕ್ಕೆ ಕಡಿಮೆಯಾಗುತ್ತದೆ, ಆಗದಿದ್ದರೆ ಅದಕ್ಕೂ ಔಷಧಿ ಇದೆ ಎಂದರು ಡಾಕ್ಟರು. ಐವತ್ತು ದಾಟಿದವರಿಗೆ ಇದು ಬರದಂತೆ ಲಸಿಕೆ ಇದೆ ಎಂದು ತಿಳಿದು ಹೆಂಡತಿ ವಿಚಾರಿಸಿ ಹಾಕಿಸಿಕೊಂಡಳು. "ಮನೇಲಿ ಒಬ್ರು ಎರಡು ಬಣ್ಣದ ಪ್ಯಾಂಟು ಹಾಕಿದ್ದು ಸಾಕು," ಎಂದಳು. ಹಳೆಯ ಒಳಚಡ್ಡಿಯನ್ನು ಅವನ ಕಣ್ಣೆದುರೇ ಎಸೆದಳು. ಕುರ್ಚಿಯಲ್ಲಿ ಕೂರುವಾಗ ಸೊಂಟಕ್ಕೆ ಇರಲಿ ಎಂದು ಒಂದು ಪುಟ್ಟ ದಿಂಬನ್ನೂ ಹೊಲಿದು ಕೊಟ್ಟಳು.

ದಿಂಬನ್ನು ಕಂಕುಳಲ್ಲಿಟ್ಟುಕೊಂಡು ಮೂವತ್ತಾರು ಕಾರ್ಖಾನೆಗೆ ಬಂದ. ಎಲ್ಲರೂ ಕೈಬೀಸಿದರು. ಗುಂಡಿ ಹಾಕುವ ಹುಡುಗಿಗೆ ಗಂಡು ಮಗುವಾಗಿದೆ ಎಂದು ಚಿಕ್ಕಮ್ಮ ಕೂಗಿ ಹೇಳಿದರು. ಅವನು ನೇರವಾಗಿ ಪ್ಯಾಟರ್ನ್ ರೂಮಿಗೆ ಹೋದ. ಕುರ್ಚಿ ಅಲ್ಲೇ ಇತ್ತು. ಅದರಲ್ಲಿ ಆಗಲೇ ಯಾರೋ ಕೂತಿದ್ದರು.

ಕೂತಿದ್ದು ಅವನ ಪ್ಯಾಂಟು. ತೊಳೆದು ಇಸ್ತ್ರಿ ಮಾಡಿದ, ಎಡಗಡೆ ಬಿಳಿ ಬಲಗಡೆ ಕಂದು ಬಣ್ಣದ ಆ ಪ್ಯಾಂಟು, ಎರಡೂ ಹೆಗಲಪಟ್ಟಿಗಳನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿಕೊಂಡು, ಕಾಲು ಇಳಿಬಿಟ್ಟು ಆರಾಮವಾಗಿತ್ತು. ಎದೆ ಇರಬೇಕಾದ ಜಾಗದಲ್ಲಿ, ಇದೇ ನಮೂನೆಯೆಂದು ಬಯರ್ ಹಾಕಿದ ಮೊಹರಿನ ಬಿಲ್ಲೆ.

"ಮುಟ್ಟಬೇಡಿ, ಒರಿಜಿನಲ್ಲು," ಎಂದಳು ಹಿಂದಿನಿಂದ ಸೂಜಿಯಕ್ಕ. "ಮಡಿಚಿಟ್ರೆ ಗೆರೆ ಬೀಳುತ್ತೆ, ನೇತುಹಾಕಿದ್ರೆ ಜೋಲುತ್ತೆ. ಕೂರಿಸೋಕೆ ಈ ಕುರ್ಚಿನೇ ಸರಿ ಅಂದ್ರು ಓನರ್ರು. ಆರ್ಡರ್ ಮುಗಿಯೋವರೆಗೂ ಇಲ್ಲೇ ಇರ್ಬೇಕು."

"ಆರ್ಡರ್ ಯಾವಾಗ ಮುಗಿಯುತ್ತೆ ಅಕ್ಕ?"

"ಮುಗಿಯೋದೆಲ್ಲಿ ಬಂತು. ನಿನ್ನೆ ಚಡ್ಡಿದೂ ಕೇಳಿದಾರೆ. ಪ್ರತಿ ಸ್ಯಾಂಪಲ್ಲೂ ನಿಮ್ಮ ಮೇಲೇ ನೋಡ್ಬೇಕಂತೆ. ಎಲ್ಲಿ ಒತ್ತುತ್ತೆ, ಎಲ್ಲಿ ಒತ್ತಲ್ಲ ಅನ್ನೋದು ನಿಮಗೆ ಗೊತ್ತಾದಷ್ಟು ಇನ್ಯಾರಿಗೂ ಗೊತ್ತಾಗಲ್ಲ ಅಂತ ಬರೆಸ್ಕೊಂಡು ಹೋಗಿದಾರೆ ಬಯರಮ್ಮ."

ಆಚೆಯಿಂದ ಕಟಿಂಗ್ ಮಾಸ್ಟರು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಕೂಗಿದರು: "ಮೂವತ್ತಾರು, ಬಾರಯ್ಯಾ. ನಿಂತ್ಕೋ."

ಮೂವತ್ತಾರು ಕುರ್ಚಿಯನ್ನೊಮ್ಮೆ, ತನ್ನ ಪ್ಯಾಂಟನ್ನೊಮ್ಮೆ ನೋಡಿದ. ಕಂಕುಳಲ್ಲಿದ್ದ ದಿಂಬನ್ನು ತೆಗೆದು ಪ್ಯಾಂಟಿನ ಬೆನ್ನ ಹಿಂದೆ, ಎಡಗಡೆಗೆ, ಹುಷಾರಾಗಿ ಇಟ್ಟ. ಆಮೇಲೆ ಮಾಸ್ಟರ ಎದುರು ಹೋಗಿ ಕೈ ಸಡಿಲ ಬಿಟ್ಟು ನಿಂತ.

"ಚುಚ್ಚಿದ್ರೆ ಹೇಳು," ಎಂದರು ಮಾಸ್ಟರು.

"ಅದೊಂದು ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ ಮಾಸ್ಟ್ರೇ," ಎಂದ ಮೂವತ್ತಾರು.